ಮನೆಯಲ್ಲಿ ಬಿಳಿ ಬ್ರೆಡ್: ಸಾಮಾನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೆಡ್ ಸರಿಯಾಗಿ ಬರದಿದ್ದರೆ ಎಲ್ಲರೂ ಮೊದಲು ಯೀಸ್ಟನ್ನು ಬೈಯುತ್ತಾರೆ, ಆಮೇಲೆ ಓವನ್ನನ್ನು. ಮೈದಾ ಪ್ಯಾಕೆಟ್ ತಿರುಗಿಸಿ ನೋಡುವವರು ಕಡಿಮೆ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ತುಂಬಾ ಒಳ್ಳೆಯ ಬಿಳಿ ಬ್ರೆಡ್ ಮಾಡಬಹುದು. ಯಾವ ಸಾಮಾನು ಏನು ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು, ಅಷ್ಟೆ. ಹೊಸದಾಗಿ ಶುರು ಮಾಡಿದವರು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಬಿಳಿ ಬ್ರೆಡ್‌ಗೆ ನಿಜವಾಗಿ ಏನೇನು ಬೇಕು?

ಮೈದಾ, ನೀರು, ಯೀಸ್ಟ್, ಉಪ್ಪು. ಈ ನಾಲ್ಕು ಇದ್ದರೆ ಬ್ರೆಡ್ ಆಗುತ್ತದೆ. ಸಕ್ಕರೆ, ಬೆಣ್ಣೆ, ಹಾಲು ಹಾಕುವುದು ಬ್ರೆಡ್ ಮೆತ್ತಗಿರಲಿ, ಮೇಲೆ ಒಳ್ಳೆ ಬಣ್ಣ ಬರಲಿ, ಮಾರನೇ ದಿನಕ್ಕೂ ಚೆನ್ನಾಗಿರಲಿ ಎಂದು.

ಒಂದು ಪೌಂಡ್ ಬ್ರೆಡ್‌ಗೆ ನಾನು ಹೇಳುವ ಅಳತೆ ಇದು: ಮೈದಾ 300 ಗ್ರಾಂ, ನೀರು ಅಥವಾ ಹಾಲು ನೀರು ಬೆರೆಸಿದ್ದು ಸುಮಾರು 185 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಉಪ್ಪು 6 ಗ್ರಾಂ, ಸಕ್ಕರೆ 15 ಗ್ರಾಂ, ಬೆಣ್ಣೆ 15 ಗ್ರಾಂ. ಎಲ್ಲ ಸೇರಿದರೆ 525 ಗ್ರಾಂ ಹಿಟ್ಟಾಗುತ್ತದೆ. ಬೇಯುವಾಗ ನೀರು ಆರಿ ಹತ್ತರಲ್ಲಿ ಒಂದು ಪಾಲಿನಷ್ಟು ತೂಕ ಇಳಿಯುತ್ತದೆ. ಉಳಿಯುವುದು ಹೆಚ್ಚುಕಡಿಮೆ ಒಂದು ಪೌಂಡ್. ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ತೂಕದ ಮೆಷಿನ್ ಬೇಕೇಬೇಕಾ? ಕಪ್ ಲೆಕ್ಕ ಸಾಲದಾ?

ಬೇಕು. ಮೈದಾವನ್ನು ಒತ್ತಿ ತುಂಬಿದರೆ ಒಂದು ಕಪ್ಪು 150 ಗ್ರಾಂ ಆಗಬಹುದು, ಜರಡಿ ಹಿಡಿದು ಚಮಚದಲ್ಲಿ ಹಾಕಿದರೆ 120 ಗ್ರಾಂ. ಎರಡು ಕಪ್ಪಿಗೇ 60 ಗ್ರಾಂ ವ್ಯತ್ಯಾಸ ಬಂತು. ಅಷ್ಟು ಹೆಚ್ಚಾದರೆ ಹಿಟ್ಟು ಗಟ್ಟಿ, ಕಡಿಮೆಯಾದರೆ ಅಂಟು. ಆಮೇಲೆ ತಪ್ಪು ಎಲ್ಲಿ ಆಯಿತು ಎಂದು ಹುಡುಕಲು ದಾರಿಯೇ ಇರುವುದಿಲ್ಲ. ಒಂದು ಗ್ರಾಂವರೆಗೆ ತೋರಿಸುವ ಸಾಧಾರಣ ಮೆಷಿನ್ ಸಾಕು. ದುಬಾರಿ ಬ್ರೆಡ್ ಟಿನ್ ಕೊಳ್ಳುವ ಮೊದಲು ಇದನ್ನು ಕೊಳ್ಳಿ.

ಯಾವ ಮೈದಾ ತೆಗೆದುಕೊಳ್ಳಬೇಕು?

ಪ್ಯಾಕೆಟ್ ಹಿಂಬದಿಯಲ್ಲಿ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಬರೆದಿರುತ್ತದೆ. ಅದನ್ನು ನೋಡಿ. ಕೆಲವು ಮೈದಾದಲ್ಲಿ 9 ಗ್ರಾಂ ಇರುತ್ತದೆ, ಕೆಲವದರಲ್ಲಿ 11 ಗ್ರಾಂ. ಬ್ರೆಡ್‌ಗೆ 10.5ರಿಂದ ಮೇಲೆ ಇರುವುದನ್ನು ಆರಿಸಿ. 9 ಇರುವುದು ಕೇಕು, ಬಿಸ್ಕತ್ತಿಗೆ ಚೆನ್ನಾಗಿರುತ್ತದೆ.

ಪ್ರೋಟೀನ್‌ಗೆ ಇಷ್ಟು ಮಹತ್ವ ಏಕೆ? ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನ್‌ಗಳಿವೆ. ನೀರು ತಾಗಿ, ನಾದಿದಾಗ ಇವೆರಡೂ ಸೇರಿ ಗ್ಲುಟೆನ್ ಆಗುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಈ ಗ್ಲುಟೆನ್ ಜಾಲ. ಅದು ದುರ್ಬಲವಾದರೆ ಹಿಟ್ಟು ಉಬ್ಬುತ್ತದೆ, ಓವನ್ನಿಗೆ ಹೋದಮೇಲೆ ಕುಸಿಯುತ್ತದೆ.

ಒಬ್ಬಟ್ಟು ಮಾಡುವವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಕಣಕ ಕಲಸಿದ ತಕ್ಷಣ ಎಳೆದರೆ ಹರಿಯುತ್ತದೆ. ಚೆನ್ನಾಗಿ ನಾದಿ, ಎಣ್ಣೆ ಹಾಕಿ, ಒಂದೆರಡು ಗಂಟೆ ಬಿಟ್ಟರೆ ಹೂರಣದ ಸುತ್ತ ತೆಳ್ಳಗೆ ಎಳೆದಷ್ಟೂ ಬರುತ್ತದೆ. ಅಲ್ಲಿ ಕೆಲಸ ಮಾಡುವುದೂ ಗ್ಲುಟೆನ್ನೇ. ಬ್ರೆಡ್ ಹಿಟ್ಟಿನಲ್ಲೂ ಅದೇ ಪರೀಕ್ಷೆ ಮಾಡಿ. ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದುಕೊಂಡು ಎರಡೂ ಕೈಯ ಬೆರಳುಗಳಿಂದ ನಿಧಾನವಾಗಿ ಅಗಲಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ, ಆಚೆಗಿನ ಬೆರಳು ಮಸುಕಾಗಿ ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು. ಅಂಚು ದೊರಗಾಗಿ ಹರಿದರೆ ಇನ್ನೂ ಐದು ನಿಮಿಷ ನಾದಿ. ಕೈಯಲ್ಲಿ ನಾದುವವರಿಗೆ ಒಟ್ಟು 12ರಿಂದ 15 ನಿಮಿಷ ಹಿಡಿಯುತ್ತದೆ.

ಗೋಧಿ ಹಿಟ್ಟಿನ ಪ್ಯಾಕೆಟ್ ಮೇಲೆ ಪ್ರೋಟೀನ್ ಇನ್ನೂ ಜಾಸ್ತಿ ಇದೆಯಲ್ಲ? ಹಾಗಾದರೆ ಅದರಲ್ಲಿ ಬ್ರೆಡ್ ಇನ್ನೂ ಚೆನ್ನಾಗಿ ಉಬ್ಬಬೇಕಲ್ವಾ?

ನ್ಯಾಯವಾದ ಪ್ರಶ್ನೆ. ಆದರೆ ಹಾಗಾಗುವುದಿಲ್ಲ. ಗೋಧಿ ಹಿಟ್ಟಿನಲ್ಲಿ ತೌಡು, ಮೊಳಕೆ ಭಾಗ ಎಲ್ಲ ಇರುತ್ತದೆ. ಅವುಗಳಲ್ಲಿರುವ ಪ್ರೋಟೀನ್ ಕೂಡ ಲೆಕ್ಕಕ್ಕೆ ಬರುತ್ತದೆ, ಗ್ಲುಟೆನ್ ಮಾತ್ರ ಆಗುವುದಿಲ್ಲ. ಜೊತೆಗೆ ತೌಡಿನ ಚೂಪು ಚೂರುಗಳು ಗ್ಲುಟೆನ್ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಚಕ್ಕಿಯಲ್ಲಿ ಬೀಸುವಾಗ ಪಿಷ್ಟವೂ ಜಾಸ್ತಿ ಒಡೆಯುತ್ತದೆ. ಹಾಗಾಗಿ ಆ ಹಿಟ್ಟು ತುಂಬಾ ನೀರು ಕುಡಿಯುತ್ತದೆ. ಚಪಾತಿಗೆ ಅದು ಒಳ್ಳೆಯದು, ಎತ್ತರದ ಬ್ರೆಡ್‌ಗೆ ಅಲ್ಲ.

ಮೈದಾದ ಕಾಲು ಭಾಗವನ್ನು ಗೋಧಿ ಹಿಟ್ಟಿಗೆ ಬದಲಾಯಿಸಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆಗ ನೀರನ್ನು ಒಂದೆರಡು ಚಮಚ ಹೆಚ್ಚು ಹಾಕಿ.

ಜವೆಗೋಧಿ ಹಿಟ್ಟಿನಲ್ಲಿ ಮಾಡಬಹುದಾ?

ಉತ್ತರ ಕರ್ನಾಟಕದ ಜವೆಗೋಧಿ ಪಾಯಸಕ್ಕೆ, ಮಾದಲಿಗೆ ಸೊಗಸು. ಅದರ ಗ್ಲುಟೆನ್ ಮಾತ್ರ ಬಲವಿಲ್ಲದ್ದು, ಗಾಳಿ ಹಿಡಿಯುವುದಿಲ್ಲ. ಬಿಳಿ ಬ್ರೆಡ್‌ಗೆ ಬೇಡ.

ಮೈದಾ ಅಷ್ಟು ಬೆಳ್ಳಗಿರುವುದಕ್ಕೆ ರಾಸಾಯನಿಕ ಕಾರಣವಾ?

ಗೋಧಿ ಕಾಳಿನ ಒಳಭಾಗ ಮೊದಲೇ ತೆಳು ಕೆನೆ ಬಣ್ಣದ್ದು. ಹೊರಗಿನ ತೌಡು, ಮೊಳಕೆ ತೆಗೆದು ಆ ಭಾಗವನ್ನಷ್ಟೇ ನುಣ್ಣಗೆ ಮಾಡಿ ಜರಡಿ ಹಿಡಿದರೆ ಬಿಳಿ ಹಿಟ್ಟೇ ಬರುತ್ತದೆ. ಕೆಲವು ಕಡೆ ಮತ್ತಷ್ಟು ಬಿಳಿಯಾಗಲಿ ಎಂದು ಬ್ಲೀಚ್ ಮಾಡುವುದೂ ಉಂಟು. ಬೇಡ ಎನ್ನುವವರು ‘ಅನ್‌ಬ್ಲೀಚ್ಡ್’ ಎಂದು ಬರೆದಿರುವ ಪ್ಯಾಕೆಟ್ ಕೊಳ್ಳಿ. ಬ್ರೆಡ್ ಒಳಗೆ ಸ್ವಲ್ಪ ಕೆನೆ ಬಣ್ಣ ಬರುತ್ತದೆ. ನನಗೆ ಅದೇ ಇಷ್ಟ.

ಮೈದಾದಲ್ಲಿ ನಾರು ಕಡಿಮೆ ಎನ್ನುವುದು ನಿಜ. ದಿನಾ ಮೂರು ಹೊತ್ತು ತಿನ್ನುವ ಪದಾರ್ಥವಲ್ಲ ಇದು.

ನೀರು ಎಷ್ಟು ಹಾಕಬೇಕು? ರೆಸಿಪಿ ಹೇಳಿದಷ್ಟು ಹಾಕಿದರೂ ಕೈಗೆ ಅಂಟುತ್ತಿದೆ.

ಅಮೆರಿಕ, ಯುರೋಪಿನ ರೆಸಿಪಿಗಳು ಅಲ್ಲಿನ ಬ್ರೆಡ್ ಹಿಟ್ಟಿಗೆ ಬರೆದವು. ಅದರಲ್ಲಿ ಪ್ರೋಟೀನ್ 12, 13 ಗ್ರಾಂ ಇರುತ್ತದೆ, ನೀರು ಜಾಸ್ತಿ ಹೀರುತ್ತದೆ. ಅದೇ ಅಳತೆಯ ನೀರನ್ನು ನಮ್ಮ ಮೈದಾಕ್ಕೆ ಹಾಕಿದರೆ ಹಿಟ್ಟು ಬೋಂಡಾ ಹಿಟ್ಟಿನ ಹದಕ್ಕೆ ಹೋಗುತ್ತದೆ. ನಮ್ಮ ಮೈದಾಕ್ಕೆ ತೂಕದ ಲೆಕ್ಕದಲ್ಲಿ ನೂರಕ್ಕೆ 58ರಿಂದ 63 ನೀರು ಸರಿ. ಮೊದಲು 170 ಗ್ರಾಂ ಹಾಕಿ ಕಲಸಿ. ಉಳಿದದ್ದನ್ನು ಚಮಚ ಚಮಚವಾಗಿ ಹಾಕಿ. ಕಲಸಿದ ಮೇಲೆ 20 ನಿಮಿಷ ಮುಚ್ಚಿಟ್ಟು ಆಮೇಲೆ ನಾದಿದರೆ ಅರ್ಧ ಅಂಟು ತಾನಾಗಿ ಹೋಗಿರುತ್ತದೆ.

ಅಂಟುತ್ತಿದೆ ಎಂದು ಮೇಲೆ ಮೇಲೆ ಮೈದಾ ಉದುರಿಸಬೇಡಿ. ಮನೆಯ ಬ್ರೆಡ್ ಮಾರನೇ ದಿನ ಪುಡಿ ಪುಡಿಯಾಗುವುದಕ್ಕೆ ಇದು ದೊಡ್ಡ ಕಾರಣ. ಕೈಗೆ ಎರಡು ಹನಿ ಎಣ್ಣೆ ಸವರಿಕೊಳ್ಳಿ, ಸಾಕು.

ಕಾವೇರಿ ನೀರು, ಬೋರ್‌ವೆಲ್ ನೀರು, ಆರ್‌ಒ ನೀರು: ಯಾವುದು ಒಳ್ಳೆಯದು?

ಈ ಊರಿನಲ್ಲಿ ಇದು ನಿಜವಾಗಿಯೂ ಕೇಳಬೇಕಾದ ಪ್ರಶ್ನೆ. ಒಂದೇ ರೆಸಿಪಿ ಜಯನಗರದ ನಲ್ಲಿ ನೀರಿನಲ್ಲಿ ಒಂದು ಥರ, ಟ್ಯಾಂಕರ್ ನಂಬಿರುವ ಬಡಾವಣೆಯಲ್ಲಿ ಇನ್ನೊಂದು ಥರ ಬರಬಹುದು.

ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಗ್ಲುಟೆನ್ನಿಗೆ ಬಿಗಿ ಕೊಡುತ್ತವೆ. ಹದವಾಗಿ ಇದ್ದರೆ ಒಳ್ಳೆಯದು. ಬಕೆಟ್ ಮೇಲೆ ಬಿಳಿ ಕಲೆ ಕಟ್ಟುವಂಥ ಗಡಸು ಬೋರ್‌ವೆಲ್ ನೀರಾದರೆ ಹಿಟ್ಟು ಬಿರುಸಾಗುತ್ತದೆ, ಉಬ್ಬುವುದೂ ನಿಧಾನ. ಆರ್‌ಒ ನೀರಿನಲ್ಲಿ ಈ ಖನಿಜಗಳು ತುಂಬಾ ಕಡಿಮೆ. ಹಿಟ್ಟು ಸಡಿಲವಾಗಿ, ಅಂಟಂಟಾಗಿ ಕೂರುತ್ತದೆ. ಕಾವೇರಿ ನೀರು ಬರುವ ಮನೆಯಲ್ಲಿ ಅದನ್ನೇ ಬಳಸಿ. ಅದರಲ್ಲಿರುವ ಕ್ಲೋರಿನ್ನಿಂದ ಪ್ಯಾಕೆಟ್ ಯೀಸ್ಟಿಗೆ ತೊಂದರೆಯಿಲ್ಲ. ವಾಸನೆ ಹೊಡೆಯುತ್ತಿದ್ದರೆ ಕುದಿಸಿ ಆರಿಸಿಕೊಳ್ಳಿ. ಬೋರ್‌ವೆಲ್ ಮಾತ್ರ ಇರುವವರು ಅರ್ಧ ಅದು, ಅರ್ಧ ಆರ್‌ಒ ಬೆರೆಸಿ ನೋಡಿ. ಆರ್‌ಒ ಒಂದೇ ಇದ್ದರೆ ನೀರನ್ನು ಎರಡು ಚಮಚ ಕಡಿಮೆ ಮಾಡಿ.

ಅಂಗಡಿಯಲ್ಲಿ ಮೂರು ಥರ ಯೀಸ್ಟ್ ಇದೆ. ಯಾವುದು?

ಇನ್‌ಸ್ಟಂಟ್ ಯೀಸ್ಟ್ ಸಣ್ಣ ಹರಳು. ನೇರವಾಗಿ ಮೈದಾ ಜೊತೆ ಬೆರೆಸಬಹುದು. ಆ್ಯಕ್ಟಿವ್ ಡ್ರೈ ಯೀಸ್ಟ್ ಸ್ವಲ್ಪ ದಪ್ಪ ಹರಳು. ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕಬೇಕು. ಫ್ರೆಶ್ ಯೀಸ್ಟ್ ಎಂದರೆ ಮೆತ್ತಗಿನ, ಹಿಸುಕಿದರೆ ಪುಡಿಯಾಗುವ ಗಟ್ಟಿ. ಬೇಕರಿಗಳಲ್ಲಿ ಬಳಸುತ್ತಾರೆ. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ವಾರಕ್ಕೆ ಸೊರಗುತ್ತದೆ.

ಮನೆಗೆ ಇನ್‌ಸ್ಟಂಟ್ ಯೀಸ್ಟೇ ಸರಿ. ರೆಸಿಪಿಯಲ್ಲಿ ಬೇರೆಯದು ಇದ್ದರೆ ಲೆಕ್ಕ ಹೀಗೆ: ಇನ್‌ಸ್ಟಂಟ್ 1 ಗ್ರಾಂ ಇರುವ ಕಡೆ ಆ್ಯಕ್ಟಿವ್ ಡ್ರೈ ಸುಮಾರು ಒಂದೂಕಾಲು ಗ್ರಾಂ, ಫ್ರೆಶ್ 3 ಗ್ರಾಂ. ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಸುಮಾರು 3 ಗ್ರಾಂ ತೂಗುತ್ತದೆ.

ಯೀಸ್ಟ್ ಸತ್ತಿದೆಯಾ ಬದುಕಿದೆಯಾ, ಹೇಗೆ ತಿಳಿಯುವುದು?

ಅರ್ಧ ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಕಲಕಿ ಬಿಡಿ. ಮೊದಲು ಯೀಸ್ಟ್ ತಳಕ್ಕೆ ಇಳಿಯುತ್ತದೆ. ಐದು ನಿಮಿಷಕ್ಕೆ ಅಲ್ಲೊಂದು ಇಲ್ಲೊಂದು ಗುಳ್ಳೆ ಮೇಲೆ ಬರುತ್ತದೆ. ಹತ್ತು ನಿಮಿಷಕ್ಕೆ ಲೋಟದ ಮೇಲೆಲ್ಲ ಕಂದು ನೊರೆ ಕಟ್ಟಿ, ಹುಳಿಮಿಶ್ರಿತ ಘಮ ಬಂದರೆ ಯೀಸ್ಟ್ ಗಟ್ಟಿಮುಟ್ಟಾಗಿದೆ. ಕಾಲು ಗಂಟೆಯಾದರೂ ನೀರು ಸುಮ್ನೆ ಕಲಕಲಾಗಿದ್ದರೆ ಎಸೆದುಬಿಡಿ. ಅದಕ್ಕೆ ಮೈದಾ ಹಾಕಿ ಹಾಳು ಮಾಡಬೇಡಿ.

ನೀರು 38ರಿಂದ 40 ಡಿಗ್ರಿ ಇರಲಿ. ಬೆರಳು ಇಟ್ಟರೆ ಹಿತವಾಗಿರಬೇಕು, ಚುರುಕ್ ಅನ್ನಬಾರದು. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ.

ತೆರೆದ ಪ್ಯಾಕೆಟ್ಟನ್ನು ಮಸಾಲೆ ಡಬ್ಬಿಗಳ ಪಕ್ಕ ಇಡುವುದನ್ನು ನೋಡಿದ್ದೇನೆ. ಒಲೆಯ ಬಿಸಿ, ಮಳೆಗಾಲದ ತೇವ ಎರಡೂ ಅದಕ್ಕೆ ಶತ್ರು. ಗಾಳಿಯಾಡದ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ತಿಂಗಳುಗಟ್ಟಲೆ ಬರುತ್ತದೆ.

ಏಪ್ರಿಲ್‌ನಲ್ಲಿ ಚೆನ್ನಾಗಿ ಬರುತ್ತಿದ್ದ ಬ್ರೆಡ್ ಡಿಸೆಂಬರ್‌ನಲ್ಲಿ ಉಬ್ಬುತ್ತಿಲ್ಲ. ಯೀಸ್ಟ್ ಜಾಸ್ತಿ ಹಾಕಲಾ?

ಬೇಡ. ಕಾಯಿರಿ. ಯೀಸ್ಟಿಗೆ ಗಡಿಯಾರ ಗೊತ್ತಿಲ್ಲ, ಬಿಸಿ ಮಾತ್ರ ಗೊತ್ತು. ಏಪ್ರಿಲ್ ಮಧ್ಯಾಹ್ನ ಹೊರಗೆ 33, 34 ಡಿಗ್ರಿ ಇರುತ್ತದೆ, ಮುಕ್ಕಾಲು ಗಂಟೆಗೇ ಹಿಟ್ಟು ಎರಡರಷ್ಟಾಗಬಹುದು. ಡಿಸೆಂಬರ್ ರಾತ್ರಿ ಬೆಂಗಳೂರು 16 ಡಿಗ್ರಿಗೆ ಇಳಿಯುತ್ತದೆ. ಬೆಳಗ್ಗೆ ಕಲಸಿದರೆ ಎರಡು ಗಂಟೆ ಬೇಕಾಗಬಹುದು.

ಕಲಸಿದ ಹಿಟ್ಟು 26, 27 ಡಿಗ್ರಿ ಇರುವುದು ಒಳ್ಳೆಯದು. ಬೇಸಿಗೆಯಲ್ಲಿ ಮಡಕೆಯ ನೀರಿನಲ್ಲಿ ಕಲಸಿ, ಚಳಿಗಾಲದಲ್ಲಿ ಬೆಚ್ಚಗಿನ ನೀರಿನಲ್ಲಿ. ಹಿಟ್ಟಿನ ಪಾತ್ರೆಯನ್ನು ಆರಿಸಿದ ಓವನ್ನಿನೊಳಗೆ, ಪಕ್ಕದಲ್ಲಿ ಒಂದು ಬಟ್ಟಲು ಬಿಸಿನೀರಿಟ್ಟು ಮುಚ್ಚಿದರೆ ಡಿಸೆಂಬರ್‌ನಲ್ಲೂ ಚುರುಕಾಗಿ ಉಬ್ಬುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸ್ವಲ್ಪ ಕಡಿಮೆ, ಹಾಗಾಗಿ ಕರಾವಳಿಗಿಂತ ಹಿಟ್ಟು ತುಸು ಬೇಗ ಏಳುತ್ತದೆ. ರೆಸಿಪಿ ಬದಲಿಸುವಷ್ಟು ವ್ಯತ್ಯಾಸವಲ್ಲ.

ಯೀಸ್ಟ್ ಜಾಸ್ತಿ ಹಾಕಿದರೆ ಬೇಗ ಉಬ್ಬುತ್ತದೆ ನಿಜ. ರುಚಿ ಹೋಗುತ್ತದೆ, ಬಿಯರ್ ಥರ ವಾಸನೆ ಉಳಿಯುತ್ತದೆ.

ಯೀಸ್ಟ್ ಸಸ್ಯಾಹಾರವಾ? ಅತ್ತೆ ಕೇಳುತ್ತಿದ್ದಾರೆ.

ಯೀಸ್ಟ್ ಪ್ರಾಣಿಯಲ್ಲ. ಅಣಬೆಯ ಬಳಗಕ್ಕೆ ಸೇರಿದ, ಒಂದೇ ಕೋಶದ ಜೀವಿ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುತ್ತದೆ, ಅವರಿಗೆ ತೋರಿಸಿ. ಅಣಬೆಯನ್ನೇ ತಿನ್ನದ, ಹುದುಗಿದ್ದನ್ನು ಮುಟ್ಟದ ಮನೆಗಳಿವೆ. ಅದು ಆಯಾ ಮನೆಯ ಪದ್ಧತಿ. ಅವರಿಗೆ ಮೊದಲೇ ಹೇಳಿ ಕೊಡುವುದು ಸರಿ.

ಯೀಸ್ಟ್ ಬದಲು ಅಡುಗೆ ಸೋಡಾ, ಇನೋ, ಅಥವಾ ದೋಸೆ ಹಿಟ್ಟು ಹಾಕಬಹುದಾ?

ಸೋಡಾ, ಇನೋ ಹಾಕಿದರೆ ಒಂದೇ ಸಲ ಬುಸ್ಸೆಂದು ಗಾಳಿ ಬಂದು ಮುಗಿಯುತ್ತದೆ. ಕೇಕಿಗೆ, ದಿಢೀರ್ ಢೋಕ್ಲಾಗೆ ಅಷ್ಟು ಸಾಕು. ಬ್ರೆಡ್‌ಗೆ ಗಂಟೆಗಟ್ಟಲೆ ನಿಧಾನವಾಗಿ ಗಾಳಿ ಬರಬೇಕು. ದೋಸೆ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಮೈದಾಕ್ಕೆ ಹಾಕಿದರೆ ಹುಳಿ ಬರುತ್ತದೆ, ಸ್ವಲ್ಪ ಉಬ್ಬಲೂಬಹುದು. ಸ್ಯಾಂಡ್‌ವಿಚ್ ಮಾಡುವಂಥ ಬ್ರೆಡ್ ಆಗುವುದಿಲ್ಲ.

ಉಪ್ಪು ಯೀಸ್ಟನ್ನು ಕೊಲ್ಲುತ್ತದಂತೆ. ಬಿಟ್ಟುಬಿಡಲಾ?

ಬಿಡಬೇಡಿ. ಉಪ್ಪಿಲ್ಲದ ಬ್ರೆಡ್ ಸಪ್ಪೆ ಮಾತ್ರವಲ್ಲ, ಹಿಟ್ಟೂ ಜೋಲು ಬೀಳುತ್ತದೆ. ಉಪ್ಪು ಗ್ಲುಟೆನ್ನನ್ನು ಬಿಗಿ ಮಾಡುತ್ತದೆ, ಯೀಸ್ಟಿನ ಓಟಕ್ಕೆ ಕಡಿವಾಣ ಹಾಕುತ್ತದೆ. ಮೈದಾದ ತೂಕದ ನೂರಕ್ಕೆ 2 ಭಾಗ ಸರಿಯಾದ ಅಳತೆ. ಅಷ್ಟಕ್ಕೆ ಯೀಸ್ಟ್ ಸಾಯುವುದಿಲ್ಲ. ಒದ್ದೆ ಯೀಸ್ಟಿನ ಮೇಲೆ ನೇರವಾಗಿ ಉಪ್ಪು ಸುರಿದು ಹಾಗೇ ಬಿಡಬೇಡಿ, ಮೈದಾ ಜೊತೆ ಬೆರೆಸಿಬಿಡಿ. ಅಯೋಡಿನ್ ಇರುವ ಪುಡಿ ಉಪ್ಪು ಆಗುತ್ತದೆ. ಕಲ್ಲುಪ್ಪಾದರೆ ನೀರಿನಲ್ಲಿ ಪೂರ್ತಿ ಕರಗಿಸಿ ಹಾಕಿ.

ಸಕ್ಕರೆ ಇಲ್ಲದೆ ಯೀಸ್ಟ್ ಕೆಲಸ ಮಾಡುತ್ತದಾ?

ಮಾಡುತ್ತದೆ. ಹಿಟ್ಟಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಕೊಡುತ್ತವೆ. ಆದರೂ ನೂರಕ್ಕೆ 5 ಭಾಗ ಸಕ್ಕರೆ ಹಾಕಿದರೆ ಮೇಲ್ಭಾಗಕ್ಕೆ ಒಳ್ಳೆ ಕಂದು ಬಣ್ಣ ಬರುತ್ತದೆ, ಬ್ರೆಡ್ ಬೇಗ ಒಣಗುವುದಿಲ್ಲ. 10 ದಾಟಿದರೆ ಸಕ್ಕರೆಯೇ ನೀರನ್ನು ಹಿಡಿದುಕೊಂಡು ಯೀಸ್ಟ್ ಮಂದವಾಗುತ್ತದೆ. ಬೆಲ್ಲ ಹಾಕುವವರು ಕರಗಿಸಿ ಸೋಸಿ ಹಾಕಿ. ಬ್ರೆಡ್ ಬಿಳಿಯಾಗಿರುವುದಿಲ್ಲ, ರುಚಿ ಚೆನ್ನಾಗಿರುತ್ತದೆ.

ಬೆಣ್ಣೆ, ಎಣ್ಣೆ, ತುಪ್ಪ, ಡಾಲ್ಡಾ: ಯಾವುದು?

ಬೆಣ್ಣೆಗೆ ಮೊದಲ ಸ್ಥಾನ. ರುಚಿಯ ಮಾತು ಬಿಡಿ, ಹಿಟ್ಟಿನಲ್ಲಿ ತೆಳುವಾಗಿ ಹರಡಿ ಗಾಳಿಗುಳ್ಳೆಗಳನ್ನು ಹಿಡಿದಿಡಲು ಗಟ್ಟಿ ಕೊಬ್ಬು ಎಣ್ಣೆಗಿಂತ ವಾಸಿ. ಬೆಣ್ಣೆಯನ್ನು ಕೊನೆಗೆ ಹಾಕಿ, ಅಂದರೆ ಐದಾರು ನಿಮಿಷ ನಾದಿದ ಮೇಲೆ. ಮೊದಲೇ ಹಾಕಿದರೆ ಹಿಟ್ಟಿನ ಕಣಗಳಿಗೆ ಜಿಡ್ಡು ಮೆತ್ತಿ ಗ್ಲುಟೆನ್ ಕೂಡುವುದು ನಿಧಾನವಾಗುತ್ತದೆ. ಹಾಕಿದ ಕೂಡಲೇ ಹಿಟ್ಟು ಜಾರಿ, ಒಡೆದಂತೆ ಕಾಣುತ್ತದೆ. ಹೆದರಬೇಡಿ, ಎರಡು ನಿಮಿಷ ನಾದಿದರೆ ಮತ್ತೆ ಕೂಡಿಕೊಂಡು ರೇಷ್ಮೆಯ ಹಾಗೆ ನುಣುಪಾಗುತ್ತದೆ.

ಉಪ್ಪಿನ ಬೆಣ್ಣೆಯಾದರೆ ಉಪ್ಪನ್ನು ಒಂದು ಚಿಟಿಕೆ ಕಡಿಮೆ ಮಾಡಿ. ಸೂರ್ಯಕಾಂತಿ ಎಣ್ಣೆ ಆಗುತ್ತದೆ. ಕಡಲೆಕಾಯಿ ಎಣ್ಣೆ ವಾಸನೆ ಬಿಡುತ್ತದೆ. ತುಪ್ಪದಲ್ಲಿ ನೀರಿನಂಶ ಇಲ್ಲದ್ದರಿಂದ 12 ಗ್ರಾಂ ಸಾಕು. ಡಾಲ್ಡಾದಂಥ ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2 ಮೀರಬಾರದು ಎಂಬ ನಿಯಮ 2022ರಿಂದ ಜಾರಿಯಲ್ಲಿದೆ. ಆದರೂ ಮನೆಯಲ್ಲಿ ಬೆಣ್ಣೆ ಇರುವಾಗ ಅದರ ಗೊಡವೆ ಯಾಕೆ?

ನೀರಿನ ಬದಲು ಪೂರ್ತಿ ಹಾಲು ಹಾಕಿದರೆ?

ಬ್ರೆಡ್ ಮೆತ್ತಗೆ, ಬಣ್ಣ ಗಾಢವಾಗಿ ಬರುತ್ತದೆ. ನೀಲಿ ಪ್ಯಾಕೆಟ್ಟಿನ ನಂದಿನಿ ಹಾಲು ಟೋನ್ಡ್, ಕೊಬ್ಬು ನೂರಕ್ಕೆ 3. ಅದು ಸಾಕು. ಹಾಲಿನಲ್ಲಿ ಸುಮಾರು 87 ಭಾಗ ಮಾತ್ರ ನೀರು. ಹಾಗಾಗಿ 185 ಗ್ರಾಂ ನೀರು ಇರುವ ಕಡೆ ಹಾಲು ಸುಮಾರು 212 ಗ್ರಾಂ ಬೇಕಾಗುತ್ತದೆ.

ಹಾಲನ್ನು ಕಾಯಿಸಿ ಆರಿಸಿಯೇ ಹಾಕಿ. ಹಸಿ ಹಾಲಿನ ಒಂದು ಬಗೆಯ ಪ್ರೋಟೀನ್ ಹಿಟ್ಟನ್ನು ಸಡಿಲ ಮಾಡುತ್ತದೆ. ಕುದಿ ಬಂದರೆ ಅದರ ಶಕ್ತಿ ಅಡಗುತ್ತದೆ. ನಮ್ಮ ಮನೆಗಳಲ್ಲಿ ಹಾಲು ಕಾಯಿಸದೆ ಬಳಸುವುದೇ ಇಲ್ಲ, ಹಾಗಾಗಿ ಈ ಕೆಲಸ ತಾನಾಗಿ ಆಗಿರುತ್ತದೆ. ಕೆನೆ ತೆಗೆಯುವುದು ಬಿಡುವುದು ನಿಮ್ಮ ಇಷ್ಟ. ನನ್ನ ಆಯ್ಕೆ ಅರ್ಧ ಹಾಲು, ಅರ್ಧ ನೀರು.

ಬ್ರೆಡ್ ಇಂಪ್ರೂವರ್, ಗ್ಲುಟೆನ್ ಪುಡಿ ಕೊಳ್ಳಬೇಕಾ?

ಇಂಪ್ರೂವರ್ ಎಂದರೆ ಸಾಮಾನ್ಯವಾಗಿ ವಿಟಮಿನ್ ಸಿ, ಕೆಲವು ಕಿಣ್ವಗಳು, ಕೊಬ್ಬು ನೀರು ಬೆರೆಸುವ ಪದಾರ್ಥಗಳು ಸೇರಿದ ಪುಡಿ. ದಿನಾ ನೂರಾರು ಬ್ರೆಡ್ ಒಂದೇ ಥರ ಬರಬೇಕಾದ ಕಡೆ ಅದು ಬೇಕು. ಮನೆಯಲ್ಲಿ ಒಂದು ಬ್ರೆಡ್‌ಗೆ ಬೇಡ.

ಗ್ಲುಟೆನ್ ಪುಡಿ ಬೇರೆ ವಿಷಯ. ನಿಮಗೆ ಸಿಗುವ ಮೈದಾದಲ್ಲಿ ಪ್ರೋಟೀನ್ 9 ಮಾತ್ರ ಇದ್ದರೆ 300 ಗ್ರಾಂಗೆ 6 ಗ್ರಾಂ ಹಾಕಿ, ಜೊತೆಗೆ ಒಂದೆರಡು ಚಮಚ ನೀರು. ಜಾಸ್ತಿ ಹಾಕಿದರೆ ಬ್ರೆಡ್ ರಬ್ಬರಾಗುತ್ತದೆ.

ಪೊಟ್ಯಾಸಿಯಂ ಬ್ರೊಮೇಟ್ ಬಗ್ಗೆಯೂ ಜನ ಕೇಳುತ್ತಾರೆ. ಹಿಟ್ಟಿಗೆ ಬಲ ಕೊಡಲು ಮೊದಲು ಬಳಸುತ್ತಿದ್ದರು. ಕ್ಯಾನ್ಸರ್ ತರಬಹುದಾದ ಪದಾರ್ಥ ಎಂಬ ಕಾರಣಕ್ಕೆ 2016ರಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಅದನ್ನು ನಿಷೇಧಿಸಿತು. ಇಂಪ್ರೂವರ್ ಕೊಳ್ಳುವವರು ಲೇಬಲ್ ಓದಿಯೇ ಕೊಳ್ಳಿ. ಬಿಡಿಯಾಗಿ, ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವುದನ್ನು ಮುಟ್ಟಬೇಡಿ.

ಮೊಟ್ಟೆ ಹಾಕದಿದ್ದರೆ ಮೆತ್ತಗಾಗುತ್ತದಾ?

ಬೆಂಗಳೂರಿನವರು ಈ ಪ್ರಶ್ನೆಗೆ ಉತ್ತರವನ್ನು ತಿಂದೇ ಬೆಳೆದಿದ್ದೇವೆ. ಚಿಕ್ಕಪೇಟೆಯ ಬಿ.ಬಿ. ಬೇಕರಿ ಶುರುವಾದದ್ದು 1898ರಲ್ಲಿ. ಅಲ್ಲಿಂದ ಮುಂದೆ ಊರ ತುಂಬಾ ಹಬ್ಬಿದ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದ ಬ್ರೆಡ್‌ಗೇ ಹೆಸರಾದವು. ಸ್ಯಾಂಡ್‌ವಿಚ್ ಬ್ರೆಡ್‌ಗೆ ಮೊಟ್ಟೆ ಬೇಡವೇ ಬೇಡ. ಚೆನ್ನಾಗಿ ನಾದಿದ ಹಿಟ್ಟು, ಸ್ವಲ್ಪ ಬೆಣ್ಣೆ, ಸ್ವಲ್ಪ ಹಾಲು ಇದ್ದರೆ ಮೆತ್ತಗಾಗುತ್ತದೆ.

ಕೈಯಾರೆ ಕಲಿಯಬೇಕು ಎನ್ನುವವರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬೇಕರಿ ತರಬೇತಿ ಕೊಡುತ್ತಾರೆ. ಪಕ್ಕದಲ್ಲಿ ನಿಂತು ಹಿಟ್ಟಿನ ಹದ ಮುಟ್ಟಿ ನೋಡುವುದಕ್ಕೆ ಸಮ ಯಾವುದೂ ಇಲ್ಲ.

ಮನೆಯ ಬ್ರೆಡ್ ಎಷ್ಟು ದಿನ ಇಡಬಹುದು? ಫ್ರಿಜ್ಜಿನಲ್ಲಿ ಇಡಬೇಕಾ?

ಅಂಗಡಿ ಬ್ರೆಡ್‌ಗೆ ಬೂಷ್ಟು ಬರದಂತೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕಿರುತ್ತಾರೆ, ಲೇಬಲ್ಲಿನಲ್ಲಿ 282 ಎಂಬ ಸಂಖ್ಯೆ ನೋಡಿ. ನಾವು ಹಾಕುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು ದಿನ. ಜುಲೈ, ಆಗಸ್ಟಿನ ತೇವದಲ್ಲಿ ಎರಡನೇ ದಿನವೇ ಅಂಚು ಪರೀಕ್ಷಿಸಿ. ಒಂದು ಕಡೆ ಹಸಿರು ಚುಕ್ಕೆ ಕಂಡರೂ ಇಡೀ ಬ್ರೆಡ್ ಎಸೆಯಿರಿ.

ಫ್ರಿಜ್ಜಿನಲ್ಲಿ ಬೂಷ್ಟು ಬರುವುದು ತಡವಾಗುತ್ತದೆ. ಆದರೆ ಪಿಷ್ಟ ಗಟ್ಟಿಯಾಗಿ ಬ್ರೆಡ್ ಒರಟಾಗುವುದು ಆ ತಂಪಿನಲ್ಲೇ ಅತಿ ಬೇಗ. ಫ್ರೀಜರ್ ಉತ್ತಮ. ಬ್ರೆಡ್ ಪೂರ್ತಿ ಆರಿದ ಮೇಲೆ ಸ್ಲೈಸ್ ಮಾಡಿ, ಗಾಳಿ ಹೋಗದ ಕವರಿನಲ್ಲಿಡಿ. ಬೇಕಾದಷ್ಟು ತೆಗೆದು ನೇರ ತವಾ ಮೇಲೆ ಹಾಕಿ, ಎರಡೂ ಕಡೆ ಬೆಣ್ಣೆ ಸವರಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ.